ಆರಿಸುತ್ತಲೇ ಇದ್ದ ಸಾವುಕಾರ

ನಿನ್ನೆ ಪ್ರವಚನ, ಪ್ರಸಾದದ ಪಂಕ್ತಿ ಮುಗಿದ ಮೇಲೆ ಒಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. “ಅಪ್ಪಾರ, ನಾ ಸಿಕ್ಕಾಪಟ್ಟಿ ಕುಡಿಯಾಂವ ಅಲ್ರಿ. ಚಲೋ ಮಾಲು ನೋಡಿ, ಆರಿಸಿ ತಗೋತೀನಿ. ಅದೂ ತಪ್ಪೇನ್ರಿ?” ನಾಳೆ ಬಾರಪ್ಪಾ, ಎಲ್ಲರ ಎದುರಿಗೇ ಹೇಳುತ್ತೇನೆ ಅಂದೆ. ಬಂದಿದ್ದಾರೆ. ಎಲ್ಲಿ ಕೂತಿದ್ದಾರೆ ಅಂತ ಹೇಳುವುದಿಲ್ಲ, ನೀವು ಯಾರೂ ಹಿಂದೆ ತಿರುಗಬೇಡಿ. ನೋಡಿ, ತಿರುಗಿಯೇ ಬಿಟ್ಟಿರಿ!

ಅವರ ಪ್ರಶ್ನೆಗೆ ನಾನು ಉತ್ತರ ಹೇಳುವುದಿಲ್ಲ, ಕಥೆ ಹೇಳುತ್ತೇನೆ. ಒಂದು ಊರು. ಆ ಊರಿಗೊಬ್ಬ ಸಾವುಕಾರ. ಅವನಿಗೆ ಹೆಸರು ಬೇಡ. ಹೆಸರಿಟ್ಟರೆ ನೀವು ಆ ಹೆಸರಿನವರ ಮನೆ ಕಡೆ ನೋಡುತ್ತೀರಿ, ನಿಮ್ಮ ಮನೆ ಕಡೆ ನೋಡುವುದಿಲ್ಲ. ಅವನದು ಶೇಂಗಾ ಎಣ್ಣೆಯ ಗಿರಣಿ. ಅಂಗಳದಲ್ಲಿ ನಲವತ್ತು ಹೆಣ್ಣುಮಕ್ಕಳು ಮೊರ ಹಿಡಿದು ಶೇಂಗಾ ಆರಿಸುತ್ತಿದ್ದರು. ಹರಳು, ಮಣ್ಣಿನ ಹೆಂಟೆ, ಬೂಷ್ಟು ಹಿಡಿದ ಕಾಳು ಎಲ್ಲ ಆಚೆಗೆ, ಒಳ್ಳೆಯ ಕಾಳು ಗಿರಣಿಗೆ.

ಸಾವುಕಾರನ ನಿಜವಾದ ಆಸ್ತಿ ಯಾವುದು ಅಂತೀರಿ? ಗಿರಣಿಯೇ? ಅಲ್ಲ. ಹೊಲವೇ? ಅದೂ ಅಲ್ಲ. ಮೂಗು! ಬೆಳಿಗ್ಗೆ ಮೊದಲ ಎಣ್ಣೆ ಇಳಿದ ಕೂಡಲೇ ಒಂದು ಹನಿ ಅಂಗೈಗೆ ಹಾಕಿಕೊಂಡು ಉಜ್ಜುತ್ತಿದ್ದ, ಮೂಸುತ್ತಿದ್ದ. “ಹೂಂ” ಅಂದರೆ ಡಬ್ಬಿಗೆ ಮುಚ್ಚಳ. “ಊಂಹೂಂ” ಅಂದರೆ ಅಷ್ಟೂ ಎಣ್ಣೆ ಸಾಬೂನು ಮಾಡುವವರಿಗೆ. ಚೀಲದಲ್ಲಿ ಒಂದು ಹಿಡಿ ಕೆಟ್ಟ ಕಾಳು ಇದ್ದರೂ ಆ ಮೂಗಿಗೆ ತಿಳಿಯುತ್ತಿತ್ತು. ಸುತ್ತಲಿನ ಊರುಗಳಲ್ಲಿ ಮದುವೆ ಗೊತ್ತಾದರೆ ಅಡುಗೆಯವರು ಮೊದಲು ಹೇಳುತ್ತಿದ್ದ ಮಾತು, “ಎಣ್ಣಿ ಮೂಗಿನ ಸಾವ್ಕಾರ್ರದಽ ತರ್ಸ್ರಿ.”

ಹೀಗಿರುವಾಗ ಗೋವಾಕ್ಕೆ ಹೋಗಿ ಬಂದ ಬೀಗರೊಬ್ಬರು ಅವನಿಗೊಂದು ಬಾಟಲಿ ತಂದುಕೊಟ್ಟರು. ಬರ್ಬನ್ ಅಂತೆ, ವಿಸ್ಕಿಯಲ್ಲೇ ಅದೊಂದು ಜಾತಿಯಂತೆ. ಸಾವುಕಾರ ಮುಚ್ಚಳ ತೆಗೆದು ಮೂಸಿದ. “ಇದರಾಗ ಗೋವಿನಜೋಳ ಐತಿ. ಮತ್ತ ಸುಟ್ಟ ಕಟಿಗಿ ವಾಸನಿ ಬರಾಕತ್ತೈತಿ” ಅಂದ. ಬೀಗರು ಬಾಟಲಿಯ ಮೇಲಿನ ಚೀಟಿ ಓದಿ ನೋಡಿದರು. ಹೌದು! ಗೋವಿನಜೋಳದಿಂದ ಮಾಡಿದ್ದು, ಒಳಗೆ ಸುಟ್ಟ ಕಟ್ಟಿಗೆಯ ಪೀಪಾಯಿಯಲ್ಲಿ ಇಟ್ಟದ್ದು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ನೋಡಿ, ಸಾವುಕಾರ ಬಿದ್ದದ್ದು ಎಲ್ಲಿ? ಕುಡಿತಕ್ಕೆ ಬೀಳಲಿಲ್ಲ. ಚಪ್ಪಾಳೆಗೆ ಬಿದ್ದ.

ಇಷ್ಟು ಒಳ್ಳೆಯ ಮೂಗು ಇದ್ದ ಮೇಲೆ ನನಗೇ ಅಂತ ಒಂದು ವಿಸ್ಕಿ ಇರಬೇಕು, ಅದು ಯಾವುದು ಅಂತ ಆರಿಸಲೇಬೇಕು ಅಂತ ಹೊರಟ. ಬಾರ್ಲಿಯದು ಬಂತು. ಹೊಗೆ ವಾಸನೆಯದು ಬಂತು. ಹನ್ನೆರಡು ವರ್ಷದ್ದು, ಹದಿನೆಂಟು ವರ್ಷದ್ದು ಬಂದು ಕಪಾಟು ಸೇರಿದವು. ಮಗಳ ವಯಸ್ಸು ಕೇಳಿದರೆ ತಡವರಿಸುತ್ತಿದ್ದ, ಬಾಟಲಿಯ ವಯಸ್ಸು ಥಟ್ಟನೆ ಹೇಳುತ್ತಿದ್ದ. ಮೊದಲು ಶನಿವಾರ ಮಾತ್ರ. ಶನಿವಾರದ ರುಚಿ ಮರೆತುಹೋಗುತ್ತದೆ ಅಂತ ಬುಧವಾರವೂ ಶುರುವಾಯಿತು. ಬುಧವಾರದ್ದನ್ನು ಹೋಲಿಸಿ ನೋಡಬೇಕಲ್ಲ, ಅದಕ್ಕೆ ಗುರುವಾರ. ಆಮೇಲೆ ವಾರದಲ್ಲಿ ಉಳಿದದ್ದು ಯಾವ ವಾರ ಅಂತ ನೀವೇ ಹೇಳಿ.

ಹೆಂಡತಿ ಕೇಳಿದಳು, “ಏನ್ರಿ ಇದು, ದಿನಾ ಕುಡಿಯಾಕ ಹತ್ತಿರಲ್ಲ?”

“ಕುಡಿಯಾಕ ಹತ್ತಿಲ್ಲಽ. ಆರಸಾಕ ಹತ್ತೀನಿ.”

ಆಹಾ! ಮಾತು ಎಷ್ಟು ಚೆಂದ! ಕುಡುಕ ಅಂದರೆ ಅವಮಾನ. ಆರಿಸುವವನು ಅಂದರೆ ಮರ್ಯಾದೆ. ಒಂದೇ ಗ್ಲಾಸು, ಒಂದೇ ಕೈ, ಹೆಸರು ಮಾತ್ರ ಬೇರೆ. ಹೀಗೆ ಆರಿಸುತ್ತಾ ಆರಿಸುತ್ತಾ ಆರು ವರ್ಷ ಕಳೆಯಿತು. ನಮ್ಮ ಕನ್ನಡ ಎಷ್ಟು ಹುಷಾರು ನೋಡಿ, ಕಾಳು ಆರಿಸುವುದಕ್ಕೂ ಆರಿಸುವುದು ಅನ್ನುತ್ತದೆ, ದೀಪ ಆರಿಸುವುದಕ್ಕೂ ಆರಿಸುವುದು ಅನ್ನುತ್ತದೆ. ಅವನು ಮಾಡುತ್ತಿದ್ದದ್ದು ಯಾವುದು ಅಂತ ಅವನ ಹೆಂಡತಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಗಿರಣಿಯಲ್ಲಿ ಮೊದಲ ಎಣ್ಣೆ ಇಳಿಯಿತು. ಮರುದಿನ ಪಕ್ಕದ ಊರಿನ ಮದುವೆಗೆ ಹೋಗಬೇಕಾದ ಎಣ್ಣೆ, ಸಾವಿರ ಜನರ ಊಟ. ಸಾವುಕಾರ ಅಂಗೈಗೆ ಹಾಕಿ ಉಜ್ಜಿದ, ಮೂಸಿದ, “ಹೂಂ” ಅಂದ. ಇನ್ನೇನು ಡಬ್ಬಿಗೆ ಮುಚ್ಚಳ ಬೀಳಬೇಕು, ಅಂಗಳದಿಂದ ಒಬ್ಬಳು ಎದ್ದು ಬಂದಳು. ಶೇಂಗಾ ಆರಿಸುವವರಲ್ಲಿ ಎಲ್ಲರಿಗಿಂತ ಹಿರಿಯಳು. ಇವಳಿಗೆ ಹೆಸರು ಬೇಕೇ ಬೇಕು, ದುಂಡವ್ವ.

“ಸಾವ್ಕಾರ್ರ, ಮುಚ್ಚಬ್ಯಾಡ್ರಿ. ಎಣ್ಣಿ ಕಮಟ ನಾರಾಕತ್ತೈತಿ.”

“ಏನಂದಿ? ನನ್ನ ಮೂಗಿಗೆ ಬುದ್ಧಿ ಹೇಳಾಕ ಬಂದೀ?” ಸಾವುಕಾರ ಗುಡುಗಿದ.

ದುಂಡವ್ವ ಹೆದರಲಿಲ್ಲ. ಡಬ್ಬಿಯಲ್ಲಿ ಬೆರಳು ಅದ್ದಿ ಅವನ ಮೂಗಿನ ಕೆಳಗೇ ಹಿಡಿದಳು. “ನೋಡ್ರಿ ಮತ್ತ. ನಮ್ಮ ಕೈಯಾಗ ಒಂದು ಚೀಲ ತಪ್ಪೈತಿ, ಬೂಷ್ಟ ಕಾಳು ಒಳಗ ಹೋಗೈತಿ. ತಪ್ಪು ನಮ್ಮದಽ. ಆದ್ರ ನಿಮಗ ತಿಳೀಲಿಲ್ಲೇನು?”

ಸಾವುಕಾರ ಮೂಸಿದ. ಇನ್ನೊಮ್ಮೆ ಮೂಸಿದ. ಏನೂ ಇಲ್ಲ! ಬಿಸಿನೀರು ಮೂಸಿದ ಹಾಗೆ. ಇದು ಅವನಿಗೆ ಆವತ್ತು ಹೊಸದಾಗಿ ತಿಳಿದದ್ದಲ್ಲ. ಎರಡು ತಿಂಗಳಿಂದ ವಾಸನೆ ಹೋಗಿತ್ತು. ಡಾಕ್ಟರಿಗೆ ತೋರಿಸಿದ್ದ. ಕುಡಿತ ನಿಲ್ಲಿಸಿದರೆ ಬಂದರೂ ಬರಬಹುದು ಅಂದಿದ್ದರು. ಯಾರಿಗೂ ಹೇಳದೆ ದಿನಾ ಸುಮ್ಮನೆ ಉಜ್ಜಿ, ಸುಮ್ಮನೆ ಮೂಸಿ, ಸುಮ್ಮನೆ “ಹೂಂ” ಅನ್ನುತ್ತಿದ್ದ. ಗಿರಣಿಯ ಹೆಸರು, ನಲವತ್ತು ಮನೆಗಳ ಅನ್ನ, ಎಲ್ಲ ಆ ಸುಳ್ಳು “ಹೂಂ” ಮೇಲೆ ನಿಂತಿತ್ತು.

ಆರಿಸುವವರ ನಡುವೆಯೇ ಗೋಣಿಚೀಲದ ಮೇಲೆ ಕುಸಿದು ಕೂತ. “ದುಂಡವ್ವಾ, ನನಗ ವಾಸನಿ ಬರವಲ್ತು” ಅಂದ. ಅಷ್ಟು ಜನರ ಎದುರಿಗೆ ಅಂದ. ನನ್ನನ್ನು ಕೇಳಿದರೆ ಅವನ ಜೀವನದ ಮೊದಲ ಶುದ್ಧ ಮಾತು ಅದು.

ದುಂಡವ್ವ ನಗಲಿಲ್ಲ, ಬೈಯಲಿಲ್ಲ. ಒಂದು ಮೊರ ಅವನ ಮುಂದೆ ತಳ್ಳಿ ತಾನೂ ಕೂತಳು. “ನಿಮ್ಮ ಮನಿ ಅಕ್ಕಾರು ಹೇಳ್ತಿದ್ರು, ನೀವು ಮನ್ಯಾಗ ಏನೋ ಆರಸ್ತೀರಂತ. ನಾವೂ ಆರಸ್ತೀವ್ರಿ. ಸೊಲ್ಪೊತ್ತು ಆರಿಸಿದ್ರ ನಮ್ಮ ಮೊರ ಖಾಲಿ ಆಗತೈತಿ. ನೀವು ಆರು ವರ್ಷ ಆರಿಸಿದ್ರೂ ನಿಮ್ಮ ಕಪಾಟು ತುಂಬಕೋಂತಽ ಹೊಂಟೈತಲ್ರಿ? ಬಿಸಾಕೂದು ಬಿಟ್ಟು ಬರೇ ಕೂಡಿಸಿಟ್ರ ಅದಕ ಯಾರಾದ್ರೂ ಆರಸೂದು ಅಂತಾರೇನ್ರಿ?”

ಬಂಧುಗಳೇ, ನಾನು ಇಷ್ಟು ವರ್ಷ ಶಾಸ್ತ್ರ ಓದಿದೆ. ಆ ತಾಯಿ ಮೊರದಲ್ಲಿ ಓದಿದ್ದು ನನಗೆ ಎಲ್ಲೂ ಸಿಗಲಿಲ್ಲ.

ಆ ಎಣ್ಣೆ ಮದುವೆಗೆ ಹೋಗಲಿಲ್ಲ, ಸಾಬೂನಿಗೆ ಹೋಯಿತು. ಹೊಸದಾಗಿ ಹಿಂಡಿದ ಎಣ್ಣೆಯನ್ನು ದುಂಡವ್ವ ಮೂಸಿ ನೋಡಿ “ಹೂಂ” ಅಂದ ಮೇಲೆಯೇ ಕಳಿಸಿದರು. ಮಧ್ಯಾಹ್ನ ಸಾವುಕಾರ ಮನೆಗೆ ಹೋದ, ಕಪಾಟಿನ ಬೀಗದ ಕೈ ಹೆಂಡತಿಯ ಕೈಯಲ್ಲಿಟ್ಟ. “ಆರಿಸಿ ಮುಗೀತು” ಅಂದ.

“ಯಾವುದು ಆರಿಸಿದ್ರಿ?”

“ಮೂಗು.”

ಅವಳು ಅಷ್ಟನ್ನೂ ಬಚ್ಚಲಿಗೆ ಸುರಿದಳು. ಮೂರು ದಿನ ಬಚ್ಚಲು ಘಮಘಮ ಅಂತಿತ್ತಂತೆ, ಅದೂ ಅವನಿಗೆ ತಿಳಿಯಲಿಲ್ಲ. ಆಮೇಲೆ ಎಲ್ಲ ಸುಸೂತ್ರವಾಯಿತೇ? ಇಲ್ಲ. ನಾನು ಸುಳ್ಳು ಹೇಳುವುದಿಲ್ಲ. ಕೈ ನಡುಗಿತು, ಬೆವರಿತು, ಆಸ್ಪತ್ರೆಯಲ್ಲಿ ಹತ್ತು ದಿನ ಇರಬೇಕಾಯಿತು. ಬಂದ ಮೇಲೆ ಎರಡು ಸಲ ಜಾರಿದ, ಎರಡು ಸಲವೂ ತಾನೇ ಬಂದು ಹೆಂಡತಿಗೆ ಹೇಳಿದ. ಗಿರಣಿಯಲ್ಲಿ ಮೂಸುವ ಕೆಲಸ ದುಂಡವ್ವನದು. ಸಾವುಕಾರ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಊರು ನಕ್ಕಿತು. ನಗಲಿ ಅಂದ.

ಏಳೆಂಟು ತಿಂಗಳ ಮೇಲೆ ಒಂದು ದಿನ ಪಡಸಾಲೆಯಲ್ಲಿ ಕೂತಿದ್ದವನು ದಡಕ್ಕನೆ ಎದ್ದು ಅಡುಗೆಮನೆಗೆ ಓಡಿದ. “ಏ, ಬಳ್ಳೊಳ್ಳಿ ಹೊತ್ತಾಕತ್ತೈತಿ! ಬಳ್ಳೊಳ್ಳಿ!”

ಹೆಂಡತಿ ತಿರುಗಿ ನೋಡಿದಳು. ಅವಳ ಕಣ್ಣು ತುಂಬಿ ಬಂತು. “ಹೊತ್ತಲಿ ಬಿಡ್ರಿ. ಇನ್ನೊಮ್ಮೆ ಅನ್ರಿ” ಅಂದಳು. ಆವತ್ತು ಬೆಳ್ಳುಳ್ಳಿ ಒಗ್ಗರಣೆ ಪೂರ್ತಿ ಕರಕಲಾಯಿತು. ಇಬ್ಬರೂ ಅದನ್ನೇ ಹಾಕಿದ ಸಾರು ಉಂಡರು, ಅಷ್ಟು ರುಚಿಯ ಸಾರು ಎಂದೂ ಉಂಡಿರಲಿಲ್ಲ ಅಂದುಕೊಂಡರು.

ಈಗ ನಿಮ್ಮ ಕಡೆ ಬರುತ್ತೇನೆ. ಕುಡಿಯದವರು ಆರಾಮಾಗಿ ಕೂತಿದ್ದೀರಿ, ಈ ಕಥೆ ನಮ್ಮದಲ್ಲ ಅಂತ. ಹೌದೇ? ಮಗನಿಗೆ ಹೆಣ್ಣು ಆರಿಸುತ್ತಾ ಹತ್ತು ಮನೆಯ ಅವಲಕ್ಕಿ ತಿಂದು ಬಂದವರಿಲ್ಲವೇ? ಊರಿಗೊಂದು ಮಠ, ಮಠಕ್ಕೊಬ್ಬ ಸ್ವಾಮಿ ಅಂತ ಪ್ರವಚನ ಆರಿಸುತ್ತಾ ತಿರುಗುವವರಿಲ್ಲವೇ? “ಹೋದ ವರ್ಷದ ಅಪ್ಪಾರು ಇವರಿಗಿಂತ ಚಲೋ ಹೇಳ್ತಿದ್ರು” ಅಂತ ನಿನ್ನೆ ಬಾವಿಕಟ್ಟೆಯ ಹತ್ತಿರ ಅಂದದ್ದು ನನಗೆ ಕೇಳಿಸಿದೆ! ಅವರು ಹೇಳಿದ್ದರಲ್ಲಿ ಒಂದಾದರೂ ಮಾಡಿದಿರಾ? ಅದನ್ನು ಹೇಳಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಆರಿಸುತ್ತಿದ್ದೇನೆ ಅಂತ ನೆಪ ಹೇಳುತ್ತಾ ಎಷ್ಟೋ ವರ್ಷದಿಂದ ಹಿಡಿದುಕೊಂಡದ್ದು ಯಾವುದು ಅಂತ ನೋಡಿ. ಅದನ್ನು ತೆಗೆದು ಮನೆಯವರ ಕೈಗೆ ಕೊಡಿ. ನೀವೇ ಬಚ್ಚಿಡಬೇಡಿ, ಬಚ್ಚಿಟ್ಟ ಜಾಗ ನಿಮಗೆ ಗೊತ್ತಿರುತ್ತದೆ. ಕೈ ನಡುಗುವಷ್ಟು ಕುಡಿಯುವವರು ಒಬ್ಬರೇ ಹಟ ಹಿಡಿದು ಒಮ್ಮೆಲೇ ಬಿಡಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಜಾರಿದರೆ ಬಂದು ಹೇಳಿ, ಮತ್ತೆ ಏಳಿ. ಹೋದದ್ದು ತಿರುಗಿ ಬರುತ್ತದೆ ಅಂತ ನಾನು ನಂಬಿದ್ದೇನೆ, ಬಂದದ್ದನ್ನು ನೋಡಿದ್ದೇನೆ.

ಇನ್ನು ಮನೆಯಲ್ಲಿರುವವರಿಗೆ ಒಂದು ಮಾತು, ತಾಯಂದಿರೇ, ಮಕ್ಕಳೇ. ಇವತ್ತು ಯಾರೋ ಒಬ್ಬರು ನಿಮ್ಮ ಎದುರು ಬಂದು ನಿಂತು “ಮುಗೀತು” ಅನ್ನಬಹುದು. ಆಗ “ಎಷ್ಟು ದಿನಾನೋ ನೋಡೂಣು” ಅನ್ನಬೇಡಿ. ಹತ್ತು ಸಲ ಮೋಸ ಹೋಗಿದ್ದರೂ ಅನ್ನಬೇಡಿ. ಬೀಗದ ಕೈ ಇಸಿದುಕೊಳ್ಳಿ, ತಾಟು ಇಡಿ, “ಊಟಕ್ಕ ಕುಂದರ್ರಿ” ಅನ್ನಿ.