ಮೂರು ಹಾಡು ಮುಗಿಯುವ ತನಕ

ಕುಮಾಸಿ ನಗರದ ಆಸ್ಪತ್ರೆಯಲ್ಲಿ ಉಳುಕಿದ ಮೊಣಕಾಲು ನೀವಿಕೊಳ್ಳುತ್ತ ಸರದಿಗೆ ಕಾದಿದ್ದ ಸೆರ್ವಾಳ ಪಕ್ಕ ಇಬ್ಬರು ವಾದ್ಯದವರು ಕೂತಿದ್ದರು. ತಲೆಗೆ ಪಟ್ಟಿ ಸುತ್ತಿಸಿಕೊಂಡವನು ಟ್ರಂಪೆಟ್ ಊದುವ ನ್ಯಾರ್ಕೊ, ಜೊತೆಗಿದ್ದವನು ಡ್ರಮ್ ಬಾರಿಸುವ ಒದಾಮೆ.

“ಶನಿವಾರವೆಲ್ಲ ಸಾವಿನ ಮನೇಲಿ ಊದಿ, ಭಾನುವಾರ ಚರ್ಚಲ್ಲೂ ಊದಿದ್ಯಲ್ಲೋ, ಅದೂ ಮೂರು ದಿನದ ಉಪವಾಸದಲ್ಲಿ!” ಎಂದ ಒದಾಮೆ.

“ದೇವರು ಕೈಬಿಡಲ್ಲ ಅಂದ್ಕೊಂಡೆ. ಎಷ್ಟು ಹೊತ್ತು ಎಚ್ಚರ ತಪ್ಪಿ ಬಿದ್ದಿದ್ದೆ?”

“ಮೂರು ಹಾಡು.”

“ಮೂರು ಹಾಡಾ! ಯಾರೂ ಎತ್ತಲಿಲ್ವಾ?”

“ಪವಿತ್ರಾತ್ಮ ಇಳಿದು ಬಂತು ಅಂತ ಜನ ನಿನ್ನ ಸುತ್ತ ಕುಣಿದ್ರು ಕಣೋ.”

“ಪಕ್ಕದಲ್ಲೇ ಇದ್ದ ನೀನೇನ್ ಮಾಡ್ದೆ, ಮಹರಾಯ?”

“ನಾನು... ಇನ್ನಷ್ಟು ಜೋರಾಗಿ ಬಾರಿಸ್ದೆ.”

ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು. ಸೆರ್ವಾಳ ಕೈ ಮೊಣಕಾಲ ಮೇಲೆ ಹಾಗೇ ನಿಂತುಬಿಟ್ಟಿತ್ತು. ಭಾನುವಾರ ಅದು ಉಳುಕಿದ್ದು ಆ ಕುಣಿತದಲ್ಲೇ.