ಕ್ಲಿಪ್ಪಿನ ಭಾರ

ಸಿಂದಗಿ ಬಸ್ ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನಡುವಯಸ್ಸಿನ ಗಂಡ ಹೆಂಡತಿ ಕೂತಿದ್ದರು. ಆತನ ತೊಡೆಯ ಮೇಲೆ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನವಿತ್ತು.

“ಇದರ ಹೊಟ್ಟ್ಯಾಗ ಏನ್ ಇಟ್ಟೀ?” ಆತ ಕೇಳಿದ.

“ಫರಹತಂದು ತಲಿ ಕ್ಲಿಪ್ಪು.”

“ತಗಿ. ಕಿಟ್ಟಿನ್ಯಾಗ ಬಂದ ಪ್ಲೈವುಡ್ ಭಾರ ಅಂತ ನಿನ್ನ ಮಗಳು ಅದನ್ನ ತಗದು ಜೋಳದ ದಂಟಿನ ಬೆಂಡು ಕೂಡ್ರಿಸ್ಯಾಳ. ಬಣ್ಣಾನೂ ಹಚ್ಚಿಲ್ಲ.”

“ಕ್ಲಿಪ್ಪೇನು ಮಣಾ ತೂಗ್ತೈತೇನ್ರಿ?”

“ತೂಕ ಹೆಚ್ಚಾದ್ರ ಮೂಗು ಮುರಕೊಂಡು ಬೀಳ್ತೈತಿ. ಆಕಿ ಗೆಳತ್ಯಾರು ಇಂಡಿ ಊರಾಗ ಕಾಯಾಕತ್ತಾರ. ಒಮ್ಮೆರ ಹಾರಲಿ.”

“ದವಾಖಾನಿಂದ ಮನಿಗಿ ಬಂದು ನಾನ ಹಾರಸ್ತೇನಿ ಅಂದಿದ್ಲು. ಬರಲಿಲ್ಲ. ಆಕೀದೊಂದು ಏನರ ಅದರ ಜೋಡಿ ಹೋಗ್ಲಿರಿ.”

“ತಗಿ ಅಂದ್ನೆಲ್ಲ.”

ಆಕೆ ಕ್ಲಿಪ್ಪನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಷ್ಟರಲ್ಲಿ ಇಂಡಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲೇ ನಿಂತು ಟಿಕೆಟ್ ಕೊಡುತ್ತಿದ್ದ.

“ಎಷ್ಟು ಮಂದಿ ಕಾಕಾ?”

“ನನ್ನದೊಂದು ಟಿಕೆಟ್. ಹೆಣ್ಮಕ್ಕಳದು ಫ್ರೀ ಎರಡು.”

“ಎರಡೂ ಆಧಾರ್ ತೋರಸ್ರಿ. ಇನ್ನೊಬ್ರು ಎಲ್ಲದಾರ?”

ಹೆಂಡತಿಯೇ ಹೇಳಿದಳು:

“ಒಂದ ಕೊಡಪ್ಪಾ. ನಾ ಒಬ್ಬಾಕೀನ.”

ಮೆಟ್ಟಿಲ ಮೇಲೆ ಕಾಲಿಟ್ಟ ಗಂಡ ತಿರುಗಿ ವಿಮಾನವನ್ನು ಆಕೆಯ ಮುಂದೆ ಹಿಡಿದ.

“ಕ್ಲಿಪ್ಪು ಒಳಗ ಇಡು. ಗಾಲಿ ಬಿಚ್ಚಿಬಿಡ್ತೇನಿ. ಅಷ್ಟು ಭಾರ ಕಮ್ಮಿ ಆಗ್ತೈತಿ.”

“ಗಾಲಿ ಇಲ್ಲಂದ್ರ ಅದು ಇಳಿಯೂದು ಹೆಂಗ್ರಿ?”

“ಕೆಳಗ ನಾ ಹಿಡೀತೇನಿ.”