ಅವ್ವನ ಬಾಯಾರಿಕೆ

೧೯೬೦ರ ಸುಮಾರಿನ ಒಂದು ಬೆಳಿಗ್ಗೆ ರಾಜೀಮತಿಯವರು ಹಾಸನದ ಆಸ್ಪತ್ರೆಯ ಜಗಲಿಯಲ್ಲಿ ಔಷಧಿಗೆಂದು ಕಾಯುತ್ತಾ ಕೂತಿದ್ದರು. ಮೂಲೆಯ ಕೋಣೆಯ ಬಾಗಿಲಲ್ಲಿ ನರ್ಸಮ್ಮ ಕಟ್ಟಾಯದ ರೈತನೊಬ್ಬನನ್ನು ತಡೆದು ಮಾತಾಡಿಸಿದ್ದು ಅವರ ಕಿವಿಗೆ ಬಿತ್ತು.

“ಡಾಕ್ಟ್ರು ಏನಂದ್ರು, ಪುಟ್ಟಸ್ವಾಮಿ?”

“ಅವ್ವನ ಒಟ್ಟೇಲಿ ಗೆಡ್ಡೆ ಆಗೈತಂತೆ ಕಣಮ್ಮ. ಇನ್ನೇನೂ ಮಾಡಾಕಾಗಕಿಲ್ವಂತೆ.”

“ಅದು ಅವರು ಕಂಡ ರೋಗ. ನಾನು ಕಂಡ ಕಷ್ಟ ಬೇರೆ ಇದೆ. ನಿಮ್ಮವ್ವ ನೀರೇ ಕುಡೀತಿಲ್ಲ. ನಾಲಿಗೆ ಒಣಗಿ ಸೀಳುಬಿಟ್ಟಿದೆ.”

“ನಾನೇ ಲೋಟ ಇಡೀತೀನಿ. ‘ದಾವ ಇಲ್ಲ ಕಣ್ ಮಗ’ ಅಂತಾಳೆ.”

“ದಾಹ ಇದೆಯಪ್ಪ. ಕುಡಿದರೆ ಒಂದಕ್ಕೆ ಬರುತ್ತೆ. ಬೇಸಿನ್ ಇಡೋರು ಯಾರು?”

“ನಾನೇಯ. ಎಂಡ್ತಿ ಬಾಣಂತಿ, ಇನ್ಯಾರವ್ರೆ?”

ರಾಜೀಮತಿಯವರು ಮುಖ ಆಚೆ ತಿರುಗಿಸಿಕೊಂಡರು.

“ಅಂಗಾರೆ ನನ್ ಮುಂದೆ ನಾಚ್ಕೊಂಡು ಒಣಗ್ತಾವ್ಳಾ?”

“ಹೂಂ, ಕಣಪ್ಪ.”

“ಒಂದ್ ಗಳಿಗೇನೂ ಬುಟ್ಟು ಓಗ್ಲಿಲ್ವಲ್ಲಮ್ಮ ನಾನು!”

“ಚೆನ್ನಾಗೇ ನೋಡ್ಕೊಂಡಿದ್ದೀಯ. ಈಗ ಸ್ವಲ್ಪ ಹೊತ್ತು ಆಚೆ ಇರು. ನೀರು ನಾನು ಕುಡಿಸ್ತೀನಿ, ಆಮೇಲಿಂದೂ ನಾನೇ ನೋಡ್ಕೋತೀನಿ. ದಿನಾ ಹೀಗೇ ಮಾಡೋಣ.”

“ಇನ್ನೆಷ್ಟ್ ದಿನ ಅಮ್ಮ?”

“ಇರೋವಷ್ಟು ದಿನ.”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ನಂಗೆ ಗೊತ್ತಾಯ್ತು ಅಂತ ಅವ್ವಂಗೆ ಏಳ್ಬ್ಯಾಡಿ. ಎತ್ತಿಗೆ ಉಲ್ಲು ಆಕಾಕೆ ಓದ ಅನ್ನಿ.”

“ಹಾಗೇ ಅಂತೀನಿ, ಹೋಗು.”

ಅವನು ಮೆಟ್ಟಿಲಿಳಿದು ಗಾಡಿಯ ಕಡೆ ನಡೆದ. ನರ್ಸಮ್ಮ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡರು.